ಪಾಯಿಂಟ್ 22 ರೈಫಲ್: ಕೊಳ್ಳುವ ಮುನ್ನ ನೆಲ ನೋಡಿ, ಕಾನೂನು ನೋಡಿ

ದೇವನಹಳ್ಳಿ: ಹಾಲಿವುಡ್‌ನ ಕೌಬಾಯ್ ಚಿತ್ರಗಳನ್ನು ಕಂಡವರಿಗೆ ಆ ಬಂದೂಕು ಅಪರಿಚಿತವಲ್ಲ. ಕುದುರೆಯ ಮೇಲಿರುವ ನಾಯಕ ಟ್ರಿಗರ್ ಸುತ್ತಲಿನ ಉಕ್ಕಿನ ಬಳೆಯನ್ನು ಒಮ್ಮೆ ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆಯುತ್ತಾನೆ. ಖಾಲಿ ಕೋಶ ಹೊರಬಿದ್ದು ಹೊಸ ತೋಟಾ ನಳಿಕೆಯೊಳಗೆ ಸೇರುತ್ತದೆ. ಅದೇ ಲಿವರ್ ಆ್ಯಕ್ಷನ್ ರೈಫಲ್. ಸಣ್ಣ ಪಾಯಿಂಟ್ 22 ತೋಟಾ ಹಾರಿಸುವ ಅದರ ಕಿರಿಯ ರೂಪವು ಅಮೆರಿಕದಲ್ಲಿ ಹವ್ಯಾಸಿ ಗುರಿಕಾರರ ಅಚ್ಚುಮೆಚ್ಚು. ತಗಡಿನ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಉರುಳಿಸುವ ದೃಶ್ಯಗಳು ಅಂತರ್ಜಾಲದಲ್ಲಿ ಹೇರಳವಾಗಿವೆ.

ಇಂತಹ ದೃಶ್ಯವನ್ನು ನೋಡಿದವರಿಗೆ, ಅದರಲ್ಲೂ ನಗರದ ಹೊರವಲಯದಲ್ಲಿ ಎರಡು ಎಕರೆ ತೋಟ ಉಳ್ಳವರಿಗೆ, ತಮಗೂ ಅಂಥದ್ದೊಂದು ಇರಲಿ ಎನಿಸುವುದು ಸಹಜ. ಹೆನ್ರಿ ಒಳ್ಳೆಯದೋ ಮಾರ್ಲಿನ್ ಒಳ್ಳೆಯದೋ ಎಂಬ ಪ್ರಶ್ನೆಗೆ ಅಮೆರಿಕದ ಅಂಗಡಿಯಲ್ಲಿ ಅರ್ಥವಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಮಾತ್ರ ಅದಕ್ಕೂ ಮೊದಲು ಉತ್ತರಿಸಬೇಕಾದ ಎರಡು ಪ್ರಶ್ನೆಗಳಿವೆ. ಗುಂಡನ್ನು ಎಲ್ಲಿ ಹಾರಿಸುವುದು? ಯಾವ ಹಕ್ಕಿನ ಮೇಲೆ ಹಾರಿಸುವುದು?

ತೋಟಾ ಸಣ್ಣದು, ಓಟ ದೊಡ್ಡದು

ರಿಮ್‌ಫೈರ್ ಎಂದರೆ ಸಿಡಿಯುವ ರಾಸಾಯನಿಕವನ್ನು ತೋಟಾದ ಬುಡದ ಅಂಚಿನೊಳಗೆ ತುಂಬಿರುವ ಬಗೆ. ಬಂದೂಕಿನ ಮೊಳೆ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟಿ ಮದ್ದು ಉರಿಯುತ್ತದೆ. ದೊಡ್ಡ ರೈಫಲ್‌ಗಳ ತೋಟಾದಲ್ಲಿ ಈ ಕಿಡಿಯ ಬಟ್ಟಲು ಬುಡದ ನಡುಮಧ್ಯದಲ್ಲಿರುತ್ತದೆ. ಅಂಚು ಜಜ್ಜಿಹೋಗುವುದರಿಂದ ರಿಮ್‌ಫೈರ್ ಕೋಶವನ್ನು ಮತ್ತೆ ತುಂಬಿ ಬಳಸಲು ಬರುವುದಿಲ್ಲ. ಆದರೆ ತಯಾರಿಕೆ ಅಗ್ಗ, ಹಿಂದೊದೆತ ನಗಣ್ಯ, ಸದ್ದು ಕಡಿಮೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ 'ಲಾಂಗ್ ರೈಫಲ್' ಎಂಬ ಪಾಯಿಂಟ್ 22 ತೋಟಾ 1887ರಲ್ಲಿ ಅಮೆರಿಕದಲ್ಲಿ ಹೊರಬಂದದ್ದು. ನೂರಮೂವತ್ತು ವರ್ಷ ಮೀರಿದರೂ ಅದನ್ನು ಮೂಲೆಗೆ ಸರಿಸುವ ಮತ್ತೊಂದು ಬಂದಿಲ್ಲ.

ಈ ತೋಟಾವನ್ನು ಆಟಿಕೆಯೆಂದು ಭಾವಿಸುವುದೇ ಮೊದಲ ಅಪಾಯ. ಅದರ ಸಾಮಾನ್ಯ ಗುಂಡಿನ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ನಳಿಕೆಯ ಬಾಯಿಂದ ಅದು ಸೆಕೆಂಡಿಗೆ 330 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಆಗ ಅದರಲ್ಲಿರುವ ಶಕ್ತಿ ಸುಮಾರು 140 ಜೂಲ್. ನಮ್ಮ ದೇಶದಲ್ಲಿ ಪರವಾನಗಿ ಬೇಡದ ಏರ್ ರೈಫಲ್‌ಗೆ ವಿಧಿಸಿರುವ ಮಿತಿ 20 ಜೂಲ್. ಅಂದರೆ ಏಳು ಪಟ್ಟು ಅಂತರ. ಇನ್ನು ದೂರ: ಗುಂಡು ಒಂದೂವರೆ ಮೈಲಿಯವರೆಗೂ ಅಪಾಯಕಾರಿ ಎಂಬ ಎಚ್ಚರಿಕೆ ಹಲವು ತೋಟಾ ಪೆಟ್ಟಿಗೆಗಳ ಮೇಲೆಯೇ ಅಚ್ಚಾಗಿರುತ್ತದೆ. ಒಂದೂವರೆ ಮೈಲಿ ಎಂದರೆ 2.4 ಕಿ.ಮೀ.

ಈ ಅಳತೆಯನ್ನು ಜಿಲ್ಲೆಯ ನಕ್ಷೆಯ ಮೇಲೆ ಇಟ್ಟು ನೋಡಬೇಕು. ದೇವನಹಳ್ಳಿಯಲ್ಲಿ 2008ರಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ, ಅದರ ಸುತ್ತ ಬಡಾವಣೆಗಳಿವೆ. ನೆಲಮಂಗಲ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಸ್ಥಳ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಗಳು ಒತ್ತೊತ್ತಾಗಿವೆ, ಕೈಗಾರಿಕಾ ಪ್ರದೇಶವಿದೆ. ಹೊಸಕೋಟೆಯ ಕಡೆ ಗೋದಾಮುಗಳ ಸಾಲು. ಇವುಗಳ ನಡುವಿನ ದ್ರಾಕ್ಷಿ ಚಪ್ಪರ, ಹೂವಿನ ತೋಟ, ನೀಲಗಿರಿ ತೋಪುಗಳಲ್ಲಿ ಯಾವುದಾದರೂ ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಎರಡೂವರೆ ಕಿ.ಮೀ. ಗೆರೆ ಎಳೆದರೆ ಒಂದು ಊರಾದರೂ, ಒಂದು ಶಾಲೆಯಾದರೂ ಒಳಗೆ ಬೀಳದಿರುವುದು ಅಪರೂಪ.

ಗುರಿಯ ಹಿಂದೆ ಗುಂಡನ್ನು ತಡೆಯುವ ದಿಬ್ಬ ಇದ್ದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಬಯಲುಸೀಮೆಯಲ್ಲಿ ದಿಬ್ಬವೆಂದು ಕಣ್ಣಿಗೆ ಬೀಳುವವು ಮುಖ್ಯವಾಗಿ ಎರಡು. ಒಂದು, ಕೆರೆಯ ಏರಿ. ಬಹುಪಾಲು ಏರಿಗಳ ಮೇಲೆಯೇ ಊರಿನ ದಾರಿ ಇರುತ್ತದೆ. ಕೆಳಗಿನಿಂದ ಹಾರಿಸುವವನಿಗೆ ಅತ್ತ ಬರುವ ಸೈಕಲ್ಲು, ದನ, ಮಗು ಯಾವುದೂ ಕಾಣುವುದಿಲ್ಲ. ಇನ್ನೊಂದು, ಕೈಬಿಟ್ಟ ಕಲ್ಲು ಕ್ವಾರಿ. ಇದು ಇನ್ನೂ ಕೆಟ್ಟದ್ದು. ಸೀಸದ ಗುಂಡು ಗ್ರಾನೈಟ್ ಗೋಡೆಗೆ ಬಡಿದು ಯಾವ ಕಡೆಗೆ ಚಿಮ್ಮುತ್ತದೆಂದು ಯಾರೂ ಹೇಳಲಾರರು. ಕ್ವಾರಿಯಲ್ಲಿ ನಿಂತ ನೀರಿನ ಮೇಲ್ಮೈ ಕೂಡ ಓರೆಯಾಗಿ ಬಿದ್ದ ಗುಂಡನ್ನು ಎಗರಿಸಬಲ್ಲದು, ಮಕ್ಕಳು ಎಸೆದ ಬಿಲ್ಲೆ ಕಲ್ಲು ಎಗರುವಂತೆ. ರೇಂಜ್‌ಗಳಲ್ಲಿ ಎತ್ತರದ ಮಣ್ಣಿನ ಗೋಡೆ, ಅಕ್ಕಪಕ್ಕದ ತಡೆಗೋಡೆಗಳನ್ನು ಕಟ್ಟುವುದು ಅಲಂಕಾರಕ್ಕಲ್ಲ.

ಕಾಯ್ದೆಯೇ ಕ್ಲಬ್ಬಿನ ದಾರಿ ತೋರಿದೆ

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪಾಯಿಂಟ್ 22 ರೈಫಲ್‌ಗೆ ವಿಶೇಷ ಸ್ಥಾನವಿದೆ ಎಂಬುದು ಅನೇಕ ಪರವಾನಗಿದಾರರಿಗೂ ತಿಳಿದಂತಿಲ್ಲ. ಕಾಯ್ದೆಯ 13ನೇ ಕಲಮು ಪರವಾನಗಿ ನೀಡುವ ಬಗೆಯನ್ನು ಹೇಳುತ್ತದೆ. ಕೇಂದ್ರ ಸರ್ಕಾರದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ ಇಲ್ಲವೇ ಸಂಘದ ಸದಸ್ಯ ಗುರಿ ಅಭ್ಯಾಸಕ್ಕಾಗಿ ಬಂದೂಕು ಕೇಳಿದರೆ, ಬೇರೆ ಅಡ್ಡಿಗಳಿಲ್ಲದಿದ್ದಲ್ಲಿ, ಪ್ರಾಧಿಕಾರ ಪರವಾನಗಿ ನೀಡತಕ್ಕದ್ದು ಎಂಬುದು ಅದರ ಭಾಷೆ. ಉದ್ದ ನಳಿಕೆಯ ನಯಕೊಳವೆ ಕೋವಿಗೂ ಬೆಳೆ ರಕ್ಷಣೆಯ ಮದ್ದು ತುಂಬುವ ನಾಡಕೋವಿಗೂ ಇದೇ ಬಗೆಯ ಅನುಕೂಲವಿದೆ. ಉಳಿದ ಸಂದರ್ಭಗಳಲ್ಲಾದರೆ ಅರ್ಜಿದಾರನಿಗೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಕ್ಲಬ್ ಸದಸ್ಯತ್ವವಿಲ್ಲದೆ ಹವ್ಯಾಸಕ್ಕೆಂದು ಪಾಯಿಂಟ್ 22 ಕೇಳುವವನೂ ಈ ಎರಡನೆಯ ಸಾಲಿಗೇ ಸೇರುತ್ತಾನೆ.

2019ರ ತಿದ್ದುಪಡಿ ಮತ್ತೊಂದು ತಿರುವು ತಂದಿತು. ಅಲ್ಲಿಯವರೆಗೆ ಒಬ್ಬರು ಮೂರು ಬಂದೂಕು ಇರಿಸಿಕೊಳ್ಳಬಹುದಿತ್ತು, ಅದು ಎರಡಕ್ಕೆ ಇಳಿಯಿತು. ಪಿತ್ರಾರ್ಜಿತವಾಗಿ ಬಂದ ಕೋವಿಯೂ ಈ ಎರಡರ ಲೆಕ್ಕದಲ್ಲೇ. ಆದರೆ ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯ ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ 22 ರೈಫಲ್ ಮತ್ತು ಏರ್ ರೈಫಲ್‌ಗೆ ಈ ಮಿತಿ ಅನ್ವಯಿಸದೆಂದು 3ನೇ ಕಲಮಿನಲ್ಲೇ ಹೇಳಲಾಗಿದೆ. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಶಿಕ್ಷೆಯನ್ನೂ ಬಿಗಿಗೊಳಿಸಿತು. ಪರವಾನಗಿಯಿಲ್ಲದ ಬಂದೂಕು ಇರಿಸಿಕೊಂಡರೆ ಎರಡರಿಂದ ಐದು ವರ್ಷ ಸೆರೆವಾಸ ಮತ್ತು ದಂಡ. ಮದುವೆ, ಮೆರವಣಿಗೆಯ ಸಂಭ್ರಮದಲ್ಲಿ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, ಪರವಾನಗಿ ಇದ್ದರೂ, ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಗ್ರಾಮಾಂತರ ಜಿಲ್ಲೆಯಲ್ಲಿ ಅರ್ಜಿ ಹೋಗುವುದು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳಿಗೆ. ಪೊಲೀಸ್ ವರದಿ ಬಂದ ನಂತರವೇ ತೀರ್ಮಾನ. ವಿಮಾನ ನಿಲ್ದಾಣದ ಕಡೆಯ ಕೆಲವು ಭಾಗ ಬೆಂಗಳೂರು ನಗರ ಪೊಲೀಸ್ ಕಮಿಷನರೇಟ್‌ಗೆ ಸೇರಿರುವುದರಿಂದ, ಮನೆ ಯಾವ ಠಾಣೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡರೆ ಅಲೆದಾಟ ತಪ್ಪೀತು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಕಿರಿಯರು ತರಬೇತಿಗಾಗಿ ಮಾತ್ರ, ನಿಯಮಗಳು ಹೇಳಿದ ಮೇಲ್ವಿಚಾರಣೆಯಲ್ಲಿ ಬಂದೂಕು ಹಿಡಿಯಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿ ಮುಗಿಸಿದ ಪ್ರಮಾಣಪತ್ರ ಅಗತ್ಯ. ಪರವಾನಗಿಗೆ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆಯೂ ಇರಬೇಕು.

ಪರವಾನಗಿ ಕೈಗೆ ಬಂದರೆ ತೋಟದಲ್ಲಿ ಡಬ್ಬಿ ಹೊಡೆಯಲು ಅಪ್ಪಣೆ ಸಿಕ್ಕಿತೆಂದು ಅರ್ಥವಲ್ಲ. ಪರವಾನಗಿ ಗುರಿ ಅಭ್ಯಾಸಕ್ಕೆ, ಅಭ್ಯಾಸದ ಸ್ಥಳ ರೇಂಜ್. ನೆರೆಹೊರೆಯವರ ಜೀವಕ್ಕೆ ಅಪಾಯ ತರುವ ಅಜಾಗರೂಕ ಕೃತ್ಯ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿಯೂ ಅಪರಾಧ.

ಕೊಡಗಿನ ಮಾತೇ ಬೇರೆ

ನಮ್ಮದೇ ರಾಜ್ಯದ ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆಯಲ್ಲ ಎಂಬ ಪ್ರಶ್ನೆ ಇಲ್ಲಿ ಏಳುವುದುಂಟು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ನೀಡುವ ವ್ಯವಸ್ಥೆ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಕನ್ನಡ ನಾಡಿನಲ್ಲಿ ಬಂದೂಕು ಸಾರ್ವಜನಿಕ ಆಟವಾಗಿ ಉಳಿದಿರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಆದರೆ ಆ ವಿನಾಯಿತಿ ಒಂದು ಸಮುದಾಯಕ್ಕೆ, ಒಂದು ಹಿಡುವಳಿ ಪದ್ಧತಿಗೆ ಸೇರಿದ್ದು. ಗ್ರಾಮಾಂತರ ಜಿಲ್ಲೆಯ ನಿವಾಸಿ ಅದನ್ನು ತೋರಿಸಿ ವಾದಿಸಲು ಬರುವುದಿಲ್ಲ.

ಲಿವರ್ ರೈಫಲ್: ಚೆಲುವು ಎಷ್ಟು, ತೊಡಕು ಎಷ್ಟು

ಅಮೆರಿಕದ ಮಾರುಕಟ್ಟೆಯಲ್ಲಿ ಪಾಯಿಂಟ್ 22 ಲಿವರ್ ರೈಫಲ್ ಎಂದಾಗ ಮುಖ್ಯವಾಗಿ ನಾಲ್ಕು ಹೆಸರು ಕೇಳಿಬರುತ್ತವೆ. ಮಾರ್ಲಿನ್ ಕಂಪನಿಯ 39ಎ ಮಾದರಿಯ ಮೂಲ 1891ರಷ್ಟು ಹಳೆಯದು. ಒಂದು ದೊಡ್ಡ ತಿರುಪನ್ನು ಕೈಯಲ್ಲೇ ತಿರುಗಿಸಿ ಬಂದೂಕನ್ನು ಎರಡು ಭಾಗ ಮಾಡಬಹುದಾದ್ದರಿಂದ ನಳಿಕೆಯನ್ನು ಹಿಂಬದಿಯಿಂದಲೇ ಶುಚಿಗೊಳಿಸಬಹುದು. ಈ ಬ್ರ್ಯಾಂಡ್ 2020ರಲ್ಲಿ ರೂಗರ್ ಪಾಲಾಯಿತು. ವಿಂಚೆಸ್ಟರ್ 9422 ಮಾದರಿ 1972ರಿಂದ 2005ರವರೆಗೆ ತಯಾರಾಗಿ ನಿಂತುಹೋಯಿತು. ಬ್ರೌನಿಂಗ್ ಬಿಎಲ್-22 ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ಆಗುವಂಥದ್ದು, ಅದರ ಲಿವರ್ ಕೇವಲ 33 ಡಿಗ್ರಿ ಚಲಿಸಿದರೆ ಸಾಕು. ಹೆನ್ರಿಯದು ಎಲ್ಲಕ್ಕಿಂತ ಸರಳ. ಹೊರಕವಚ ಸತುವಿನ ಮಿಶ್ರಲೋಹದ್ದಾದರೂ ಲಿವರ್‌ನ ಚಲನೆ ಬೆಣ್ಣೆಯಂತೆ ನುಣುಪೆಂದು ಬಳಸಿದವರು ಮೆಚ್ಚುತ್ತಾರೆ. ಹೆನ್ರಿಯ ಕೊಳವೆಯಲ್ಲಿ 15 ತೋಟಾ ಹಿಡಿಸಿದರೆ ಮಾರ್ಲಿನ್‌ನಲ್ಲಿ 19 ಹಿಡಿಸುತ್ತವೆ.

ನಾಲ್ಕರಲ್ಲೂ ತೋಟಾಗಳು ನಳಿಕೆಯ ಅಡಿಯಲ್ಲಿರುವ ಉದ್ದ ಕೊಳವೆಯಲ್ಲಿ ಸಾಲಾಗಿ ಕೂರುತ್ತವೆ. ತೊಡಕು ಆರಂಭವಾಗುವುದು ಅಲ್ಲಿಯೇ. ತುಂಬುವಾಗ ಕೈ ನಳಿಕೆಯ ಬಾಯಿಯ ಪಕ್ಕಕ್ಕೇ ಹೋಗಬೇಕು. ಖಾಲಿ ಮಾಡಿದೆನೆಂದು ತಿಳಿದರೂ ಕೊಳವೆಯಲ್ಲೊಂದು ತೋಟಾ ಸಿಕ್ಕಿಕೊಂಡಿರಬಹುದು. ಕಳಚಿ ಕೈಯಲ್ಲಿ ಹಿಡಿದು ತೋರಿಸಬಲ್ಲ ಮ್ಯಾಗಜೀನ್ ಇಲ್ಲದ್ದರಿಂದ, ಬಂದೂಕು ಖಾಲಿಯಿದೆಯೆಂದು ಪಕ್ಕದವನಿಗೆ ಕಣ್ಣಾರೆ ಖಾತರಿಪಡಿಸುವುದು ಕಷ್ಟ. ನೆಲದ ಮೇಲೆ ಬೋರಲು ಮಲಗಿ ಗುರಿಯಿಡುವಾಗ ಲಿವರ್ ಕೆಳಗಿಳಿಯಲು ಜಾಗವಿರುವುದಿಲ್ಲ, ಪ್ರತಿ ಸಲವೂ ರೈಫಲ್ ಎತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ 50 ಮೀಟರ್ ಸ್ಪರ್ಧೆಗಳಲ್ಲಿ ಒಂದೊಂದೇ ತೋಟಾವನ್ನು ಕೈಯಿಂದ ತುಂಬುವ ರೈಫಲ್‌ಗಳಿಗಷ್ಟೇ ಪ್ರವೇಶ. ನಮ್ಮ ಕ್ಲಬ್‌ಗಳ ಅಭ್ಯಾಸವೂ ಈ ಸ್ಪರ್ಧೆಗಳನ್ನೇ ಅನುಸರಿಸುತ್ತದೆ. ಹಾಗಾಗಿ ಲಿವರ್ ರೈಫಲ್ ಹೊತ್ತು ಬಂದವನಿಗೆ ಇಲ್ಲಿ ಜೊತೆಯಾಟಗಾರರು ಸಿಗುವುದಿಲ್ಲ.

ಅಷ್ಟಕ್ಕೂ ಅದು ಸಿಗುವುದು ಎಲ್ಲಿ? ವಿದೇಶಿ ಬಂದೂಕುಗಳ ವಾಣಿಜ್ಯ ಆಮದಿಗೆ 1980ರ ದಶಕದ ಮಧ್ಯಭಾಗದಿಂದ ಬಿಗಿ ನಿರ್ಬಂಧವಿದೆ. ಹೆಸರಾಂತ ಶೂಟರ್‌ಗಳು ನಿಯಮಾನುಸಾರ ಸ್ಪರ್ಧಾ ರೈಫಲ್ ತರಿಸಿಕೊಳ್ಳಬಹುದು, ಹವ್ಯಾಸಿಗೆ ಆ ಬಾಗಿಲು ತೆರೆದಿಲ್ಲ. ಹಾಗಾಗಿ ಭಾರತದಲ್ಲಿ ಕಾಣಸಿಗುವ ಲಿವರ್ ರೈಫಲ್‌ಗಳೆಂದರೆ ನಿರ್ಬಂಧಕ್ಕೂ ಮುಂಚೆ ಬಂದು, ಪರವಾನಗಿದಾರರಿಂದ ಪರವಾನಗಿದಾರರಿಗೆ ದಾಟಿದ ಹಳೆಯವು. ಅಂಥದ್ದಕ್ಕೆ ದೊಡ್ಡ ಬೆಲೆ ತೆರುವವರು ಬಂದೂಕಿಗಿಂತ ಅದರ ವಿರಳತೆಗೇ ಹೆಚ್ಚು ಹಣ ಕೊಡುತ್ತಿರುತ್ತಾರೆ. ಮುರಿದ ಮೊಳೆ, ಸವೆದ ತೋಟಾಸೆಳೆತದ ಕೊಕ್ಕೆಗೆ ಬಿಡಿಭಾಗ ಹುಡುಕುವ ಕಷ್ಟ ಆಮೇಲಿನದು.

ಅಜ್ಜನ ಅಥವಾ ತಂದೆಯ ಕಾಲದ ರೈಫಲ್ ಮನೆಯಲ್ಲಿದ್ದರೆ ವಿಚಾರ ಬೇರೆ. ಪರವಾನಗಿದಾರ ತೀರಿಕೊಂಡಾಗ, ಅಥವಾ ಅವರಿಗೆ 70 ವರ್ಷ ತುಂಬಿದಾಗ ಇಲ್ಲವೇ 25 ವರ್ಷ ಬಂದೂಕು ಇರಿಸಿಕೊಂಡ ಮೇಲೆ, ಅರ್ಹ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಲು 2016ರ ನಿಯಮಗಳಲ್ಲಿ ಅವಕಾಶವಿದೆ. ಬೀರುವಿನಲ್ಲಿಟ್ಟು ಮರೆತುಬಿಡುವುದು ಸಲ್ಲದು. ಪರವಾನಗಿದಾರ ಇಲ್ಲವಾದ ಮೇಲೆ ಮನೆಯಲ್ಲಿ ಉಳಿದ ಕೋವಿ ಕಾನೂನಿನ ಕಣ್ಣಿಗೆ ಪರವಾನಗಿಯಿಲ್ಲದ ಕೋವಿಯೇ. ಹೊಸ ಪರವಾನಗಿ ಬರುವವರೆಗೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯುವುದು ಕ್ಷೇಮ.

ಆರಂಭ ಏರ್ ರೈಫಲ್‌ನಿಂದ

ಹಾಗಾದರೆ ಹವ್ಯಾಸಿ ಏನನ್ನು ಕೊಳ್ಳಬೇಕು? ಮೊದಲ ವರ್ಷಕ್ಕೆ ಏರ್ ರೈಫಲ್ ಎನ್ನುವುದೇ ಸರಿಯಾದ ಉತ್ತರ. 4.5 ಮಿ.ಮೀ. ಅಥವಾ ಪಾಯಿಂಟ್ 177 ನಳಿಕೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಶಸ್ತ್ರ ಪರವಾನಗಿ ಬೇಕಿಲ್ಲ. ನಳಿಕೆ ಇದಕ್ಕಿಂತ ದೊಡ್ಡದಾದರೆ ಅಥವಾ ಶಕ್ತಿ ಈ ಮಿತಿ ದಾಟಿದರೆ ಬೇಕು. ಮಾರುಕಟ್ಟೆಯಲ್ಲಿ ಪಾಯಿಂಟ್ 22 ನಳಿಕೆಯ ಏರ್ ರೈಫಲ್‌ಗಳೂ ಇರುವುದರಿಂದ ಕೊಳ್ಳುವಾಗ ನಳಿಕೆಯ ಅಳತೆ ಮತ್ತು ಶಕ್ತಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳಿತು.

ಇದರಲ್ಲಿ ಎರಡು ಬಗೆ. ನಳಿಕೆಯನ್ನು ಬಗ್ಗಿಸಿ ಸ್ಪ್ರಿಂಗ್ ಬಿಗಿಯುವಂಥದ್ದು ಅಗ್ಗ. ಪಂಪು, ಸಿಲಿಂಡರ್ ಯಾವುದೂ ಬೇಡ. ಆದರೆ ಸ್ಪ್ರಿಂಗ್ ಮುಂದಕ್ಕೆ ಚಿಮ್ಮಿ ನಿಲ್ಲುವಾಗ ರೈಫಲ್ ಎರಡು ಬಾರಿ ಜಗ್ಗುತ್ತದೆ. ಪ್ರತಿ ಬಾರಿ ಒಂದೇ ರೀತಿ ಹಿಡಿಯದಿದ್ದರೆ ಪೆಲೆಟ್ ಒಂದೇ ಕಡೆ ಬೀಳದು. ಎರಡನೆಯದು ಮೊದಲೇ ಒತ್ತಡದ ಗಾಳಿ ತುಂಬಿಸಿಡುವ ಬಗೆ. ಜಗ್ಗುವುದಿಲ್ಲ, ಸ್ಪರ್ಧೆಗಳಲ್ಲಿ ಬಳಸುವುದು ಇದನ್ನೇ. ಗಾಳಿ ತುಂಬಿಸುವ ಸಾಧನಕ್ಕೆ ಬೇರೆ ಖರ್ಚು. ಫೈನ್‌ವೆರ್ಕ್‌ಬಾವ್, ವಾಲ್ಟರ್, ಸ್ಟೆಯರ್‌ನಂತಹ ಯೂರೋಪಿನ ಸ್ಪರ್ಧಾ ರೈಫಲ್‌ಗಳ ಬೆಲೆ ಲಕ್ಷಗಳಲ್ಲಿದೆ. ಕಲಿಯುವವರಿಗೆ ದೇಶೀಯ ತಯಾರಿಕೆಯವೇ ಸಾಕು. ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದದ್ದು ಹಿಡಿಯ ಉದ್ದ. ಭುಜಕ್ಕಿಟ್ಟಾಗ ಕತ್ತು ಚಾಚದೆ ಕೆನ್ನೆ ತಾನಾಗಿ ಹಿಡಿಯ ಮೇಲೆ ಕೂರಬೇಕು. ಎಳೆಯರಿಗೆ ದೊಡ್ಡವರ ರೈಫಲ್ ಕೊಟ್ಟರೆ ಬೆನ್ನು ಹಿಂದಕ್ಕೆ ಬಾಗಿಸುವ ಕೆಟ್ಟ ಅಭ್ಯಾಸ ಬೀಳುತ್ತದೆ.

ಏರ್ ರೈಫಲ್ ಎಂದರೆ ಮಕ್ಕಳಾಟ ಎಂಬ ತಾತ್ಸಾರ ಬೇಡ. 10 ಮೀಟರ್ ಸ್ಪರ್ಧೆಯ ಗುರಿಫಲಕದಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ. 2008ರಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದರಲ್ಲೇ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದದ್ದೂ ಇದರಲ್ಲೇ.

ಒಂದು ಎಚ್ಚರಿಕೆ ಮಾತ್ರ ದ್ರಾಕ್ಷಿ ಬೆಳೆಗಾರರಿಗೆ. ದೊಡ್ಡಬಳ್ಳಾಪುರ, ದೇವನಹಳ್ಳಿಯ ಚಪ್ಪರಗಳಿಗೆ ಗಿಳಿ, ನವಿಲುಗಳ ಕಾಟ ಇದ್ದದ್ದೇ. ಪರವಾನಗಿ ಬೇಡದ ಬಂದೂಕೆಂದು ಅವುಗಳತ್ತ ಏರ್ ಗನ್ ತಿರುಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯ ಅಪರಾಧ. ನವಿಲು ಆ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಬಲೆ ಹಾಸುವುದು ದುಬಾರಿಯೆನಿಸಿದರೂ ಕೋರ್ಟಿನಷ್ಟು ದುಬಾರಿಯಲ್ಲ.

ನಂತರ ಬೋಲ್ಟ್ ರೈಫಲ್

ಒಂದೆರಡು ವರ್ಷ ಕ್ಲಬ್ಬಿನಲ್ಲಿ ಏರ್ ರೈಫಲ್ ಹಿಡಿದು, ಅಲ್ಲಿನ ಪಾಯಿಂಟ್ 22 ರೈಫಲ್‌ನಲ್ಲೂ ಕೈ ಪಳಗಿದ ಮೇಲೆ ಸ್ವಂತದ್ದಕ್ಕೆ ಅರ್ಜಿ ಹಾಕುವುದು ಸೂಕ್ತ. ರಾಜ್ಯದಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ, ದೇಶದ ಮಟ್ಟದಲ್ಲಿ 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆ ಇವೆ. ಯಾವುದೇ ಕ್ಲಬ್ ಸೇರುವಾಗಲೂ ಅದಕ್ಕೆ ಕೇಂದ್ರದ ಪರವಾನಗಿ ಅಥವಾ ಮಾನ್ಯತೆ ಇದೆಯೇ ಎಂದು ಪತ್ರ ನೋಡಿಯೇ ಹಣ ಕಟ್ಟಬೇಕು. ಮಾಲ್‌ಗಳಲ್ಲಿ ಗಂಟೆಗಿಷ್ಟೆಂದು ಪೆಲೆಟ್ ಹೊಡೆಸುವ ತಾಣದ ಸದಸ್ಯತ್ವ ಕಾಯ್ದೆಯ ಲೆಕ್ಕಕ್ಕೆ ಬಾರದು.

ಪರವಾನಗಿ ಪಡೆದ ಸಾಮಾನ್ಯ ಹವ್ಯಾಸಿಗೆ ಹೊಸದಾಗಿ ಸಿಗುವ ಪಾಯಿಂಟ್ 22 ಎಂದರೆ ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯ ಬೋಲ್ಟ್ ರೈಫಲ್. ಆರ್ಡನೆನ್ಸ್ ಕಾರ್ಖಾನೆಗಳ ಮಂಡಳಿ 2021ರ ಅಕ್ಟೋಬರ್‌ನಲ್ಲಿ ಏಳು ಕಂಪನಿಗಳಾಗಿ ಒಡೆದ ಮೇಲೆ ಈ ಕಾರ್ಖಾನೆ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿದೆ. ಜರ್ಮನಿಯ ಆನ್‌ಶುಟ್ಸ್‌ನಂತಹ ಸ್ಪರ್ಧಾ ರೈಫಲ್‌ನ ನಯ ಇದಕ್ಕಿಲ್ಲ. ಆದರೆ ಬೋಲ್ಟ್ ಹಿಂದೆಳೆದರೆ ತೋಟಾ ಮನೆ ಕಣ್ಣಿಗೆ ಕಾಣುತ್ತದೆ. ಬೋಲ್ಟ್ ಹೊರತೆಗೆದು ನಳಿಕೆಯನ್ನು ಹಿಂದಿನಿಂದ ಶುಚಿಗೊಳಿಸಬಹುದು. ಮಲಗಿ, ಕೂತು, ನಿಂತು ಹೇಗೆ ಹೊಡೆದರೂ ತೊಡಕಿಲ್ಲ. ಅದೇ ಚಲನೆಯನ್ನು ಕ್ಲಬ್ಬಿನ ಎಲ್ಲರೂ ಬಳಸುವುದರಿಂದ ಕಲಿಸುವವರೂ ಸಿಗುತ್ತಾರೆ.

ಹಳೆಯದನ್ನು ಕೊಳ್ಳುವವರು ನಳಿಕೆಯ ಬಾಯಿಯ ಅಂಚು ಸವೆದಿದೆಯೇ, ಒಳಗಿನ ಸುರುಳಿ ಗೆರೆಗಳಲ್ಲಿ ತುಕ್ಕಿನ ಗುಳಿಗಳಿವೆಯೇ ಎಂಬುದನ್ನು ಬೆಳಕಿಗೆ ಹಿಡಿದು ನೋಡಬೇಕು. ಬಂದೂಕಿನ ಸಂಖ್ಯೆ ಮಾರುವವನ ಪರವಾನಗಿಯಲ್ಲಿರುವ ಸಂಖ್ಯೆಗೆ ತಾಳೆಯಾಗಬೇಕು. ಟ್ರಿಗರ್ ಎಳೆದರೂ ತೋಟಾ ಸಿಡಿಯದಿದ್ದರೆ ತಕ್ಷಣ ಬೋಲ್ಟ್ ತೆರೆಯಬಾರದು. ನಳಿಕೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾಯಬೇಕು, ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಗುಂಡು, ಪೆಲೆಟ್ ಎರಡೂ ಸೀಸದವಾದ್ದರಿಂದ ಅಭ್ಯಾಸದ ನಂತರ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಚುನಾವಣೆ ಘೋಷಣೆಯಾದಾಗ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಸೂಚನೆ ಹೊರಡುವುದು ವಾಡಿಕೆ. ಯಾರ ಬಂದೂಕು ಬೇಕು, ಯಾರದು ಬೇಡ ಎಂಬುದನ್ನು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ತೀರ್ಮಾನಿಸುತ್ತದೆ. ರಾಷ್ಟ್ರೀಯ ರೈಫಲ್ ಸಂಸ್ಥೆಯಲ್ಲಿ ನೋಂದಾಯಿತರಾಗಿ ಸ್ಪರ್ಧೆಗಳಲ್ಲಿ ಭಾಗವಹಿಸುವ ಕ್ರೀಡಾಪಟುಗಳು ವಿನಾಯಿತಿ ಕೋರಬಹುದು. ಅದಕ್ಕಾಗಿ ನೋಂದಣಿ ಪತ್ರ ಹಾಗೂ ಸ್ಪರ್ಧೆಯ ದಾಖಲೆಗಳ ಪ್ರತಿಯನ್ನು ಪರವಾನಗಿ ಪುಸ್ತಕದ ಜೊತೆಯಲ್ಲೇ ಇರಿಸಿಕೊಂಡಿರಬೇಕು.